ಡಾಕ್ಟರೇಟ್ ಪಡೆದ ಬದ್ಲಿಗಳು

ಕಳೆದ ವಾರ ನಮ್ಮ ಕಛೇರಿಗೆ ಬಂದ ಹಳೆಯ ಗಿರಣಿ ಮಿತ್ರರೊಬ್ಬರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ರಾಜ್ಯದ ವಿಶ್ವವಿದ್ಯಾನಿಲಯವೊಂದು ಹೊರಡಿಸಿದ ಉದ್ಯೋಗ ಪ್ರಕಟಣೆ ಅದು. ಮೊದಲಿನಿಂದ ಕೊನೆಯವರೆಗೆ ಇಂಗ್ಲೀಷಿನಲ್ಲಿತ್ತು. "ಮಗಳಿಗೆ ಕೆಲಸಕ್ಕೆ ಕರೆದಿದಾರಂತೆ, ಏನು ಬರೆದಾರೆ ಓದಿ ಹೇಳಿ" ಎಂದರು. ಮಗಳು ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವಳು. ಜಗಳೂರು ಕಡೆಯ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡನ್ನು ಕುರಿತು ಐದು ವರ್ಷ ದುಡಿದು ಪ್ರಬಂಧ ಬರೆದವಳು. ಅವಳೇ ಓದಿ ಹೇಳಬಹುದಿತ್ತಲ್ಲ ಎಂದು ಕೇಳಿದೆವು. "ಅವಳು ಓದಿದಳು. ಓದಿ ಸುಮ್ಮನಾದಳು. ಅದಕ್ಕೇ ನಿಮ್ಮ ಹತ್ತಿರ ತಂದೆ" ಎಂದರು.

ಓದಿ ಹೇಳಿದೆವು. ಡಾಕ್ಟರೇಟ್ ಮುಗಿಸಿದವರಿಗೆ ಸಂಶೋಧಕರ ಹುದ್ದೆ, ಒಂದು. ಅವಧಿ ಒಂದು ವರ್ಷ. ಕೆಲಸ ತೃಪ್ತಿಕರವಾಗಿದ್ದರೆ ಮುಂದುವರಿಸಬಹುದು. ಯೋಜನೆ ಮುಗಿದರೆ ಹುದ್ದೆಯೂ ಮುಗಿಯಿತು. ಯಾವ ಕಾರಣವನ್ನೂ ಹೇಳದೆ ನಡುವೆ ನಿಲ್ಲಿಸುವ ಅಧಿಕಾರ ವಿಶ್ವವಿದ್ಯಾನಿಲಯಕ್ಕಿದೆ. ಮುಂದೆ ಖಾಯಂ ನೇಮಕಕ್ಕೆ ಹಕ್ಕು ಕೇಳುವಂತಿಲ್ಲ. ಸಂದರ್ಶನಕ್ಕೆ ಬರುವವರಿಗೆ ದಾರಿ ಖರ್ಚು ಕೊಡುವುದಿಲ್ಲ. ತಿಂಗಳಿಗೆ 58,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ.

ಮಿತ್ರರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಹಂಗಾದರೆ ಇವಳೂ ಬದ್ಲೀನೇ."

ಬದ್ಲಿ ಎಂದರೇನೆಂದು ಈ ಊರಿನವರಿಗೆ ನಾವು ಹೇಳಬೇಕಾಗಿಲ್ಲ. ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕುವ ಮೊದಲು, ಬೆಳಗಿನ ಪಾಳಿಯ ಹೊತ್ತಿಗೆ ಬದ್ಲಿ ಕಾರ್ಡು ಹಿಡಿದು ಗೇಟಿನ ಮುಂದೆ ನಿಂತವರು ನಮ್ಮ ಓದುಗರಲ್ಲಿ ಇಂದಿಗೂ ಇದ್ದಾರೆ. ಖಾಯಂ ಕೆಲಸಗಾರ ಬಾರದಿದ್ದರೆ ಆ ದಿನದ ಕೂಲಿ. ಬಂದರೆ ಬುತ್ತಿಯ ಗಂಟಿನೊಡನೆ ಮನೆಗೆ. ಹತ್ತು ವರ್ಷ ಅದೇ ಸಾಂಚದ ಮುಂದೆ ನಿಂತು ನೂಲು ತೆಗೆದರೂ ಹೆಸರು ಹಾಜರಿ ಪುಸ್ತಕಕ್ಕೆ ಏರದು. ಜಾಬರನ ಮುಖ ನೋಡಿ ಮಾತಾಡಬೇಕು, ಅವನ ಮನೆಯ ಮದುವೆಗೆ ಮೊದಲು ಹೋಗಬೇಕು. ಕೆಲಸ ಖಾಯಂ ಸ್ವರೂಪದ್ದು, ಕೆಲಸಗಾರ ಮಾತ್ರ ತಾತ್ಕಾಲಿಕ. ಈ ಸರಳವಾದ ಮೋಸವನ್ನು ಕಂಡುಹಿಡಿಯಲು ಗಿರಣಿ ಮಾಲೀಕರಿಗೆ ಡಾಕ್ಟರೇಟ್ ಬೇಕಾಗಿರಲಿಲ್ಲ. ಅದನ್ನೇ ಈಗ ಡಾಕ್ಟರೇಟ್ ಪಡೆದವರ ಮೇಲೆ ನಡೆಸಲಾಗುತ್ತಿದೆ.

ಲೆಕ್ಕ ಹಾಕಿ ನೋಡೋಣ. ಎಸ್.ಎಸ್.ಎಲ್.ಸಿ. ಮುಗಿಸುವಾಗ 16 ವರ್ಷ, ಪಿ.ಯು.ಸಿ.ಗೆ 18, ಬಿ.ಎಸ್‌ಸಿ.ಗೆ 21, ಎಂ.ಎಸ್‌ಸಿ.ಗೆ 23. ರಾಷ್ಟ್ರಮಟ್ಟದ ಪರೀಕ್ಷೆ ಗೆಲ್ಲಲು ಒಂದು ವರ್ಷ ಇಟ್ಟುಕೊಳ್ಳಿ. ಡಾಕ್ಟರೇಟಿಗೆ ಐದೋ ಆರೋ ವರ್ಷ. ಅಲ್ಲಿಗೆ ಮೂವತ್ತು ಮುಟ್ಟಿತು. ಈ ಊರಿನಲ್ಲಿ ಮೂವತ್ತರ ಕೆಲಸಗಾರನಿಗೆ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಮೂವತ್ತರ ವ್ಯಾಪಾರಿ ಅಂಗಡಿಯ ಗಲ್ಲಾ ಪೆಟ್ಟಿಗೆಯ ಮುಂದೆ ಹತ್ತು ವರ್ಷ ಕೂತಿರುತ್ತಾನೆ. ವಿದ್ವಾಂಸನಾದವನಿಗೆ ಮಾತ್ರ ಆಗ ಹೇಳಲಾಗುತ್ತದೆ: ನಿನ್ನ ವಿದ್ಯೆ ಸಾಲದು, ಇನ್ನೆರಡು ವರ್ಷ ಇಲ್ಲಿರು, ಆಮೇಲೆ ಇನ್ನೊಂದು ಊರಿನಲ್ಲಿ ಎರಡು ವರ್ಷ. ಹೀಗಿರುವಾಗಲೇ ವಯೋಮಿತಿಯ ಬಾಗಿಲು ಮುಚ್ಚುತ್ತದೆ. ಕೇಂದ್ರದ ಎಸ್.ಇ.ಆರ್.ಬಿ. ಎಂಬ ಮಂಡಲಿ ನಡೆಸುತ್ತಿದ್ದ ರಾಷ್ಟ್ರೀಯ ಫೆಲೋಶಿಪ್ಪಿಗೆ ಅವಧಿ 2 ವರ್ಷವಿತ್ತು, ವಯೋಮಿತಿ 35 ಇತ್ತು; ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದವರಿಗೆ 5 ವರ್ಷ ರಿಯಾಯಿತಿ. ತಡವಾಗಿ ಶಾಲೆಗೆ ಸೇರಿದವನು, ನಡುವೆ ಓದು ಬಿಟ್ಟು ಅಪ್ಪನ ಜೊತೆ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಮತ್ತೆ ಓದಿದವನು ಎಂಬ ಲೆಕ್ಕ ಆ ನಿಯಮಗಳಲ್ಲಿ ಎಲ್ಲೂ ಇಲ್ಲ.

ಇಲ್ಲಿ ನಮ್ಮ ಓದುಗರು ನಮ್ಮನ್ನು ತಡೆದು ಕೇಳುತ್ತಾರೆಂದು ಬಲ್ಲೆವು. ತಿಂಗಳಿಗೆ 58 ಸಾವಿರವೆಂದರೆ ಅಕ್ಕಿ ಗಿರಣಿಯ ಹಮಾಲನಿಗೆ ಎಷ್ಟು ತಿಂಗಳ ದುಡಿಮೆ? ಅಷ್ಟು ತೆಗೆದುಕೊಳ್ಳುವವರ ದುಃಖವನ್ನು ನಮ್ಮ ಪತ್ರಿಕೆಯಲ್ಲಿ ಏಕೆ ಅಳುತ್ತೀರಿ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹೇಳದೆ ಮುಂದೆ ಹೋದರೆ ನಾವು ಅಪ್ರಾಮಾಣಿಕರಾಗುತ್ತೇವೆ.

ಮೊದಲ ಮಾತು, ಆ ಮೊತ್ತದ ವಿಚಾರ. 2023ರ ಜನವರಿಯಿಂದ ಕೇಂದ್ರ ಸರ್ಕಾರ ಗೊತ್ತುಮಾಡಿದ ದರದಂತೆ ಸಂಶೋಧನಾ ಸಹಾಯಕರಿಗೆ ಅನುಭವವನ್ನು ನೋಡಿ 58,000, 61,000, 67,000. ವಿಶ್ವವಿದ್ಯಾನಿಲಯದಲ್ಲಿ ಖಾಯಂ ಸಹಾಯಕ ಪ್ರಾಧ್ಯಾಪಕನ ಮೂಲ ವೇತನ ಆರಂಭದಲ್ಲಿ 57,700. ಎರಡೂ ಒಂದೇ ಎನಿಸುತ್ತದೆಯಲ್ಲವೆ? ಆದರೆ ಖಾಯಂ ಮನುಷ್ಯನಿಗೆ ತುಟ್ಟಿಭತ್ಯೆಯಿದೆ. 2024ರಲ್ಲೇ ಕೇಂದ್ರದ ತುಟ್ಟಿಭತ್ಯೆ ಶೇಕಡ 50 ಮುಟ್ಟಿತು. ಸಂಶೋಧಕನಿಗೆ ತುಟ್ಟಿಭತ್ಯೆ ಇಲ್ಲ. ಬೇಳೆಯ ದರ ಏರಿದಾಗ ಅವನ ಹಣ ಏರುವುದಿಲ್ಲ. ವರ್ಷಗಳು ಕಳೆದ ಮೇಲೆ ಒಮ್ಮೆ ಏರುತ್ತದೆ, ಅದೂ ಬೀದಿಗಿಳಿದ ಮೇಲೆ. ಡಾಕ್ಟರೇಟಿಗೆ ಓದುತ್ತಿರುವವರ ಫೆಲೋಶಿಪ್ಪು 2014ರಲ್ಲಿ 16,000ದಿಂದ 25,000ಕ್ಕೆ, 2019ರಲ್ಲಿ 31,000ಕ್ಕೆ, 2023ರಲ್ಲಿ 37,000ಕ್ಕೆ ಏರಿತು. 2014ರಲ್ಲಿ ಮತ್ತು 2019ರಲ್ಲಿ ದೇಶದ ಸಂಶೋಧನಾ ವಿದ್ಯಾರ್ಥಿಗಳು ಪ್ರಯೋಗಶಾಲೆ ಬಿಟ್ಟು ಮೆರವಣಿಗೆ ಹೊರಟಿದ್ದರು ಎಂಬುದನ್ನು ಆ ಆದೇಶಗಳಲ್ಲಿ ಯಾರೂ ಬರೆಯಲಿಲ್ಲ.

ಇನ್ನು, ಈ ಹಣಕ್ಕೆ ಸಂಬಳವೆಂಬ ಹೆಸರಿಲ್ಲ. ಫೆಲೋಶಿಪ್ಪು ಎಂದು ಹೆಸರು. ಹೆಸರಿನಲ್ಲಿಯೇ ಯುಕ್ತಿಯಿದೆ. ಸಂಬಳವಲ್ಲದ್ದಕ್ಕೆ ಭವಿಷ್ಯನಿಧಿಯಿಲ್ಲ, ಬೋನಸ್ಸಿಲ್ಲ, ಗ್ರಾಚ್ಯುಯಿಟಿಯಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳನ್ನು ನಾವು ವಿರೋಧಿಸಿದ್ದೇವೆ, ಈಗಲೂ ವಿರೋಧಿಸುತ್ತೇವೆ. ಆದರೂ ಆ ಸಂಹಿತೆಯಲ್ಲೇ ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷ ದುಡಿದರೆ ಗ್ರಾಚ್ಯುಯಿಟಿ ಎಂದಿದೆ. ನೌಕರನೆಂದೇ ಒಪ್ಪದವರಿಗೆ ಅದು ಎಲ್ಲಿಂದ ಬರಬೇಕು? ಹಣವಾದರೂ ತಿಂಗಳ ಕೊನೆಗೆ ಕೈಸೇರಿತೇ ಎಂದರೆ ಅದೂ ಇಲ್ಲ. ಇಂತಿಷ್ಟು ತಿಂಗಳ ಫೆಲೋಶಿಪ್ಪು ಬಾಕಿ ಎಂಬ ದೂರು ವರ್ಷ ವರ್ಷ ಕೇಳಿಬರುತ್ತಲೇ ಇದೆ. ದೆಹಲಿ ಮಂಜೂರು ಮಾಡುತ್ತದೆ, ಇಲ್ಲಿಯ ಗುಮಾಸ್ತ ಉಪಯೋಗ ಪತ್ರ ಕಳಿಸಿಲ್ಲವೆಂದು ಅಲ್ಲಿಯ ಗುಮಾಸ್ತ ತಡೆಯುತ್ತಾನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅಷ್ಟು ದಿನ ಸಂಶೋಧಕ ಬದುಕುವುದು ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ. ಅಂದಮೇಲೆ ಭಾರತ ಸರ್ಕಾರದ ಸಂಶೋಧನೆಗೆ ಬಡ್ಡಿಯಿಲ್ಲದೆ ಸಾಲ ಕೊಡುತ್ತಿರುವವರು ಯಾರು? ಕಿರಾಣಿ ವ್ಯಾಪಾರಿಗಳು! ಇದನ್ನು ನಮ್ಮ ವರ್ತಕ ಮಿತ್ರರು ಗಮನಿಸಬೇಕು.

ಎರಡನೆಯ ಮಾತು ಮೊದಲನೆಯದಕ್ಕಿಂತ ದೊಡ್ಡದು. ಕಾಯುವ ಶಕ್ತಿಯೂ ಒಂದು ಆಸ್ತಿ. ಅಪ್ಪನಿಗೆ ಬೆಂಗಳೂರಿನಲ್ಲಿ ಎರಡು ಮನೆಯಿದ್ದರೆ ಮಗ ನಲವತ್ತರವರೆಗೆ ಒಂದೊಂದು ವರ್ಷದ ಕೆಲಸ ಮಾಡಿಕೊಂಡು ಪ್ರಾಧ್ಯಾಪಕನಾಗುವವರೆಗೆ ಕಾಯಬಲ್ಲ. ಗಿರಣಿ ಮುಚ್ಚಿ ಕಾವಲುಗಾರನಾಗಿರುವವನ ಮಗಳು ಕಾಯಲಾರಳು. ತಂಗಿಯ ಮದುವೆ ಕಾಯುವುದಿಲ್ಲ, ಸಹಕಾರ ಸಂಘದ ಸಾಲ ಕಾಯುವುದಿಲ್ಲ. ಅವಳು ಪ್ರಯೋಗಶಾಲೆ ಬಿಟ್ಟು ಖಾಸಗಿ ಟ್ಯೂಷನ್ ಅಂಗಡಿಗೆ ಹೋಗುತ್ತಾಳೆ. ಯಾರೂ ಅವಳನ್ನು ಹೊರಗೆ ಹಾಕಲಿಲ್ಲ, ಜಾತಿ ಕೇಳಲಿಲ್ಲ, ಮೀಸಲಾತಿ ತೆಗೆಯಲಿಲ್ಲ. ಸುಮ್ಮನೆ ಕಾಯಿಸಿದರು. ಜರಡಿ ತನ್ನ ಕೆಲಸ ತಾನೇ ಮಾಡಿತು. ನಾವು ಹೋರಾಡಿ ತೆರೆಸಿದ ಕಾಲೇಜಿನ ಬಾಗಿಲಿನಿಂದ ಬಡವರ ಮಕ್ಕಳು ಒಳಗೆ ಹೋದರು. ಮೇಲಿನ ಅಂತಸ್ತಿನ ಬಾಗಿಲಿನಲ್ಲಿ ಕಾಯಿಸಿ ಕಾಯಿಸಿ ಹಿಂದಕ್ಕೆ ಕಳಿಸುತ್ತಿದ್ದಾರೆ.

ಖಾಯಂ ಹುದ್ದೆಗಳೇ ಇಲ್ಲವೇನೋ ಎಂದುಕೊಳ್ಳಬೇಡಿ. ನಮ್ಮ ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಸರ್ಕಾರವೇ ಮಂಜೂರು ಮಾಡಿದ ಬೋಧಕ ಹುದ್ದೆಗಳ ದೊಡ್ಡ ಪಾಲು ವರ್ಷಗಳಿಂದ ಖಾಲಿ ಬಿದ್ದಿದೆ. ಪಾಠ ನಡೆಯುತ್ತಿರುವುದು ಅತಿಥಿಗಳಿಂದ. ಅತಿಥಿ ಎಂದರೆ ನಮ್ಮ ಮನೆಗಳಲ್ಲಿ ಕಾಲಿಗೆ ನೀರು ಕೊಟ್ಟು ಚಾಪೆ ಹಾಸುತ್ತೇವೆ. ಸರ್ಕಾರದ ಅತಿಥಿ ಉಪನ್ಯಾಸಕರು 2022ರ ಜನವರಿಯವರೆಗೆ ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿಗೆ ಪದವಿ ಕಾಲೇಜುಗಳಲ್ಲಿ ಪಾಠ ಹೇಳಿದರು. ಮುಷ್ಕರ ಹೂಡಿದ ಮೇಲೆ ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರವಾಯಿತು. ಹತ್ತಾರು ವರ್ಷ ಹೀಗೆ ದುಡಿದವರು ಖಾಯಂ ಮಾಡಿರೆಂದು ಕೇಳಿದರೆ ಸುಪ್ರೀಂ ಕೋರ್ಟಿನ 2006ರ ತೀರ್ಪನ್ನು ಎತ್ತಿ ತೋರಿಸುತ್ತಾರೆ. ಕರ್ನಾಟಕ ಸರ್ಕಾರವೇ ಕಕ್ಷಿದಾರನಾಗಿದ್ದ ಉಮಾದೇವಿ ಪ್ರಕರಣ ಅದು. ಆದರೆ ನಿಯಮ ಮೀರಿ ನೇಮಿಸಿ ಬಹುಕಾಲ ದುಡಿಸಿಕೊಂಡು ಆಮೇಲೆ ಕೈ ಬಿಡಿ ಎಂದು ಆ ತೀರ್ಪು ಯಾವ ಸರ್ಕಾರಕ್ಕೂ ಹೇಳಿಲ್ಲ. ಮಂಜೂರಾದ ಹುದ್ದೆಗಳನ್ನು ಕ್ರಮಬದ್ಧವಾಗಿ ತುಂಬಿರೆಂಬುದೇ ಅದರ ಒಳಗಿನ ಮಾತು. ಆ ಅರ್ಧವನ್ನು ಯಾವ ಮಂತ್ರಿಯೂ ಓದುವುದಿಲ್ಲ.

ಮೂರನೆಯದು ನಮ್ಮ ಸ್ವಂತ ಎದೆಯ ವಿಚಾರ. ನೂಲುವ ಖಾತೆಯಲ್ಲಿ ದುಡಿದ ಹಿರಿಯರು ಬಲ್ಲರು: ವಾರದ ರಜೆ ಮುಗಿಸಿ ಮೊದಲ ದಿನ ಕೆಲಸಕ್ಕೆ ಬಂದಾಗ ಎದೆ ಬಿಗಿಹಿಡಿಯುತ್ತದೆ, ಉಸಿರು ಸಿಕ್ಕುತ್ತದೆ, ಮರುದಿನ ಕಡಿಮೆಯಾಗುತ್ತದೆ. ಬೀಡಿ ಸೇದುತ್ತೀಯ ಅದಕ್ಕೇ ಎಂದು ಗಿರಣಿಯ ಡಾಕ್ಟರು ಬೈದು ಕಳಿಸುತ್ತಿದ್ದ ಕಾಲವಿತ್ತು. ಅದು ಬೀಡಿಯದಲ್ಲ, ಹತ್ತಿಯ ಧೂಳಿನದು. ಬಿಸ್ಸಿನೋಸಿಸ್ ಎಂದು ಅದರ ಹೆಸರು. 1950ರ ದಶಕದಲ್ಲಿ ಇಂಗ್ಲೆಂಡಿನ ಲಂಕಾಶೈರ್ ಗಿರಣಿಗಳಲ್ಲಿ ಷಿಲ್ಲಿಂಗ್ ಎಂಬ ವೈದ್ಯ ಮತ್ತು ಅವನ ಸಹೋದ್ಯೋಗಿಗಳು ಕೆಲಸಗಾರರನ್ನು ಒಬ್ಬೊಬ್ಬರಾಗಿ ಕೇಳಿ, ಉಸಿರು ಅಳೆದು, ರೋಗದ ಮೆಟ್ಟಿಲುಗಳನ್ನು ಗುರುತಿಸಿದರು. ಆ ಬಗೆಯ ಕೆಲಸದ ಬಲದಿಂದಲೇ ಈ ರೋಗ ನಮ್ಮ ದೇಶದ ಕಾನೂನಿನಲ್ಲಿಯೂ ಪರಿಹಾರಕ್ಕೆ ಅರ್ಹವಾದ ಉದ್ಯೋಗ ರೋಗಗಳ ಪಟ್ಟಿಗೆ ಸೇರಿತು. ಇಂಥ ಸಂಶೋಧನೆ ಒಂದು ವರ್ಷದ ಕರಾರಿನಲ್ಲಿ ಆಗುವುದೆ? ಅದೇ ಕೆಲಸಗಾರನನ್ನು ಐದು ವರ್ಷ, ಹತ್ತು ವರ್ಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಜಗಳೂರಿನ ನೀರಿನ ವಿಷಯವೂ ಅಷ್ಟೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿನ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಾಗಿ ಬಹುಕಾಲ ಕುಡಿದರೆ ಮೂಳೆ ಬಾಗುತ್ತದೆ. ಮಳೆ ಬಂದ ವರ್ಷ ಒಂದು ಲೆಕ್ಕ, ಬರದ ವರ್ಷ ಬೇರೆ ಲೆಕ್ಕ; ಬಾವಿ ಆಳವಾದಷ್ಟೂ ಮತ್ತೊಂದು ಲೆಕ್ಕ. ನಮ್ಮ ಮಿತ್ರರ ಮಗಳಿಗೆ ಯಾವ ಹಳ್ಳಿಯ ಯಾವ ಬಾವಿ ಎಂಬುದು ಬಾಯಿಪಾಠವಾಗಿದೆ. ಅವಳನ್ನು ಕಳಿಸಿದರೆ ಆ ತಿಳಿವಳಿಕೆಯೂ ಅವಳೊಡನೆ ಹೋಯಿತು. ಮುಂದಿನ ವರ್ಷ ಬರುವ ಹೊಸ ಬದ್ಲಿ ಮೊದಲ ಬಾವಿಯಿಂದ ಪ್ರಾರಂಭಿಸಬೇಕು.

ಇದು ನಮ್ಮ ದೇಶದ ರೋಗವೊಂದೇ ಅಲ್ಲ. ಹಂಗೇರಿ ದೇಶದ ಕಟುಕನೊಬ್ಬನ ಮಗಳು ಕತಾಲಿನ್ ಕರಿಕೊ 1985ರಲ್ಲಿ ತನ್ನ ಸಂಶೋಧನಾ ಕೇಂದ್ರದಲ್ಲಿ ಹಣ ನಿಂತುಹೋದಾಗ, ಕಾರು ಮಾರಿ ಬಂದ ಹಣವನ್ನು ಮಗುವಿನ ಗೊಂಬೆಯೊಳಗೆ ಹೊಲಿದುಕೊಂಡು ಅಮೆರಿಕೆಗೆ ಹೋದಳು. ಅಲ್ಲಿ ಡಾಕ್ಟರೇಟ್ ನಂತರದ ಇಂಥದೇ ಹುದ್ದೆ. ಆಮೇಲೆ ಸೇರಿದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ, ನಿನ್ನ ಕೆಲಸಕ್ಕೆ ಯಾರೂ ಹಣ ಕೊಡುತ್ತಿಲ್ಲವೆಂದು 1995ರಲ್ಲಿ ಅವಳ ದರ್ಜೆಯನ್ನು ಕೆಳಗಿಳಿಸಿತು. ಅವಳು ಬಿಡಲಿಲ್ಲ. 2020ರಲ್ಲಿ ಕೊರೋನಾ ಬಂದಾಗ ಕೋಟ್ಯಂತರ ಜನರ ತೋಳಿಗೆ ಹಾಕಿದ ಹೊಸ ಬಗೆಯ ಲಸಿಕೆಗೆ ಆಧಾರವಾದದ್ದು ಅವಳೂ ವೈಸ್‌ಮನ್ನನೂ 2005ರಲ್ಲಿ ಪ್ರಕಟಿಸಿದ ಸಂಶೋಧನೆ. 2023ರಲ್ಲಿ ನೊಬೆಲ್ ಬಹುಮಾನ ಬಂತು. ಈಗ ಎಲ್ಲರೂ ಅವಳ ತಾಳ್ಮೆಯನ್ನು ಹೊಗಳುತ್ತಾರೆ. ಅವಳನ್ನು ಹಾಗೆ ತಾಳಿಸಿದವರ ವಿಷಯ ಯಾರೂ ಎತ್ತುವುದಿಲ್ಲ.

ಜರ್ಮನಿಯಲ್ಲಿ ಇದಕ್ಕೊಂದು ಕಾನೂನೇ ಇದೆ. 2007ರ ಆ ಕಾನೂನಿನಂತೆ ಡಾಕ್ಟರೇಟಿಗೆ ಮುಂಚೆ 6 ವರ್ಷ, ನಂತರ 6 ವರ್ಷ ತಾತ್ಕಾಲಿಕವಾಗಿ ದುಡಿಸಬಹುದು. ಅದನ್ನು ಸಮರ್ಥಿಸಲು ಅಲ್ಲಿನ ಸಚಿವ ಶಾಖೆ ಹಾನ್ನಾ ಎಂಬ ಕಲ್ಪಿತ ಹೆಣ್ಣುಮಗಳ ಒಂದು ಸಣ್ಣ ಚಿತ್ರ ಮಾಡಿಸಿತು. ಒಂದು ತಲೆಮಾರೇ ಹುದ್ದೆಗಳನ್ನು ಕಟ್ಟಿಹಾಕಿಕೊಂಡು ಕೂಡಬಾರದು, ಅದಕ್ಕಾಗಿ ಈ ಏರ್ಪಾಡು ಎಂದು ವಿವರಿಸಿತು. 2021ರಲ್ಲಿ ಸಾವಿರಾರು ಸಂಶೋಧಕರು "ನಾನೇ ಹಾನ್ನಾ" ಎಂದು ತಮ್ಮ ತಮ್ಮ ಬದುಕನ್ನು ಬಹಿರಂಗವಾಗಿ ಬರೆದಾಗ ಚಿತ್ರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಇವೆಲ್ಲಕ್ಕಿಂತ ನಮಗೆ ಹತ್ತಿರವಾದದ್ದು ಕ್ಯಾಲಿಫೋರ್ನಿಯಾದ ಸುದ್ದಿ. ಅಲ್ಲಿನ ವಿಶ್ವವಿದ್ಯಾನಿಲಯದ ಇಂಥ ಸಂಶೋಧಕರು 2008ರಲ್ಲಿ ಸಂಘ ಕಟ್ಟಿಕೊಂಡರು. ಯಾರ ಜೊತೆ ಸೇರಿದರು ಗೊತ್ತೆ? ಮೋಟಾರು ಕಾರಖಾನೆಯ ಕಾರ್ಮಿಕರ ಸಂಘದ ಜೊತೆ! 2022ರ ನವೆಂಬರ್ 14ರಂದು ಸುಮಾರು 48,000 ಮಂದಿ ಸಂಶೋಧಕರೂ ಬೋಧನಾ ಸಹಾಯಕರೂ ಕೆಲಸ ನಿಲ್ಲಿಸಿದರು. ಪ್ರಯೋಗಶಾಲೆಗಳ ದೀಪ ಆರಿತು. ಡಿಸೆಂಬರಿನಲ್ಲಿ ಒಪ್ಪಂದವಾಯಿತು, ಡಾಕ್ಟರೇಟ್ ಪಡೆದ ಸಂಶೋಧಕರ ಸಂಬಳ ಒಂದು ವರ್ಷದೊಳಗೆ ಸುಮಾರು ಶೇಕಡ 20 ಏರಿತು. ಸ್ಪ್ಯಾನರ್ ಹಿಡಿದ ಕೈಯೂ ಸೂಕ್ಷ್ಮದರ್ಶಕ ಹಿಡಿದ ಕೈಯೂ ಒಂದೇ ರಸೀದಿ ಪುಸ್ತಕದಲ್ಲಿ ಚಂದಾ ಕೊಟ್ಟದ್ದರ ಫಲ ಅದು.

ನಮ್ಮ ವಿದ್ವಾಂಸರಿಗೆ ಈ ಮಾತು ರುಚಿಸುವುದು ಕಷ್ಟ. ನಾವು ಕೂಲಿಯವರಲ್ಲ, ಫೆಲೋಗಳು ಎಂಬ ಅಭಿಮಾನ ಅವರನ್ನು ಬಿಟ್ಟಿಲ್ಲ. ಸಂಘದ ಹೆಸರೆತ್ತಿದರೆ ಮಾರ್ಗದರ್ಶಕರ ಶಿಫಾರಸು ಪತ್ರ ತಪ್ಪೀತೆಂಬ ಭಯ ಬೇರೆ. ಆ ಪತ್ರವೇ ಅವರ ಬದ್ಲಿ ಕಾರ್ಡು. ಮಾರ್ಗದರ್ಶಕನೂ ಇಲ್ಲಿ ದೊಡ್ಡ ಧಣಿಯೇನಲ್ಲ. ಅನುದಾನ ಬಂದರೆ ಜಾಬರ, ಬಾರದಿದ್ದರೆ ಅವನೂ ಕೈಕಟ್ಟಿ ನಿಲ್ಲುವವನೇ. ತಪ್ಪು ನಮ್ಮದೂ ಇದೆ. ಗಿರಣಿಯ ಗೇಟಿನಲ್ಲಿ ನಿಂತು ಭಾಷಣ ಮಾಡಿದ ನಾವು ವಿಶ್ವವಿದ್ಯಾನಿಲಯದ ಗೇಟಿನ ಕಡೆ ಹೋದದ್ದು ಚುನಾವಣೆಯ ಕಾಲದಲ್ಲಿ ಮಾತ್ರ.

ಹಣವಿಲ್ಲ ಎಂಬ ಉತ್ತರ ಬರುತ್ತದೆ. ಸಂಶೋಧನೆಗೆ ದೇಶ ಮಾಡಿದ ವೆಚ್ಚ 2020–21ರಲ್ಲಿ ರಾಷ್ಟ್ರೀಯ ಉತ್ಪನ್ನದ ಶೇಕಡ 0.64. ನೂರು ರೂಪಾಯಿಯಲ್ಲಿ ಹತ್ತಿರ ಹತ್ತಿರ ಹತ್ತಾಣೆ. 2023ರ ಕಾನೂನಿನಿಂದ ಹುಟ್ಟಿದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷದಲ್ಲಿ 50,000 ಕೋಟಿ ಎಂದು ಡಂಗುರ ಹೊಡೆದರು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕೆಂಬುದನ್ನು ಸಣ್ಣ ದನಿಯಲ್ಲಿ ಹೇಳಿದರು. 2025ರ ಜುಲೈನಲ್ಲಿ ಖಾಸಗಿ ಕಂಪನಿಗಳ ಸಂಶೋಧನೆಗೆ ಕಡಿಮೆ ಬಡ್ಡಿಯ ಅಥವಾ ಬಡ್ಡಿಯೇ ಇಲ್ಲದ ಸಾಲಕ್ಕೆಂದು 1 ಲಕ್ಷ ಕೋಟಿಯ ನಿಧಿಗೆ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಕಂಪನಿಗೆ ಬಡ್ಡಿಯಿಲ್ಲದ ಸಾಲ, ಸಂಶೋಧಕನಿಗೆ ಉದ್ರಿ. 2024ರಲ್ಲಿ ಇನ್ನೊಂದು ವಿನೋದ ನಡೆಯಿತು: ವಿದ್ಯಾಸಂಸ್ಥೆಗಳು ಪಡೆದ ಸಂಶೋಧನಾ ಅನುದಾನದ ಮೇಲೆ ಜಿ.ಎಸ್.ಟಿ. ಕಟ್ಟಿರೆಂದು ತೆರಿಗೆ ಇಲಾಖೆ ನೋಟೀಸು ಕಳಿಸಿತು. ಗದ್ದಲವಾದ ಮೇಲೆ ಸೆಪ್ಟೆಂಬರ್ 9ರ ಕೌನ್ಸಿಲ್ ಸಭೆಯಲ್ಲಿ ವಿನಾಯಿತಿ ಕೊಟ್ಟರು. ತೆರಿಗೆ ನೋಟೀಸು ಎಂದರೇನೆಂದು ಬಲ್ಲ ನಮ್ಮ ವ್ಯಾಪಾರಿಗಳಿಗೆ ಇದರಲ್ಲಿ ಆಶ್ಚರ್ಯವೇನೂ ತೋರಲಿಕ್ಕಿಲ್ಲ. ಅವರಿಗೆ ಮಾತ್ರ ವಿನಾಯಿತಿ ಕೊಡಲು ಯಾವ ಸಭೆಯೂ ಅಷ್ಟು ಬೇಗ ಸೇರುವುದಿಲ್ಲ.

ಭಾಷೆಯ ವಿಚಾರವೊಂದನ್ನು ಹೇಳಲೇಬೇಕು. ಡಾ. ರಾಮಮನೋಹರ ಲೋಹಿಯಾರವರು ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದದ್ದು ಉಪ್ಪಿನ ತೆರಿಗೆಯ ಮೇಲೆ. ಬಡವನ ಗಂಜಿಯೊಳಗಿನ ಉಪ್ಪು ವಿಶ್ವವಿದ್ಯಾನಿಲಯದ ವಿಷಯವಾಗಬಲ್ಲದೆಂದು ಅವರು ತೋರಿಸಿದರು. ಊರಿಗೆ ಬಂದ ಮೇಲೆ ಆ ವಿದ್ಯೆಯನ್ನು ಜನರ ಭಾಷೆಯಲ್ಲಿ ಹೇಳಬೇಕೆಂದು ಕೊನೆಯವರೆಗೂ ಹಟ ಹಿಡಿದರು. ಇಂದು ಜಗಳೂರಿನ ನೀರಿನ ಮೇಲಿನ ಪ್ರಬಂಧ ಜಗಳೂರಿನವರು ಓದಲಾಗದ ಭಾಷೆಯಲ್ಲಿದೆ. ಅದನ್ನು ಬರೆದವಳಿಗೆ ಕೊಡುವ ಕೆಲಸದ ಷರತ್ತು ಅವಳ ಅಪ್ಪ ಓದಲಾಗದ ಭಾಷೆಯಲ್ಲಿದೆ. ಅಪ್ಪನ ತೆರಿಗೆಯ ಹಣ ಮಾತ್ರ ಯಾವ ಭಾಷೆಯಲ್ಲಾದರೂ ಸಲ್ಲುತ್ತದೆ.

ನಮ್ಮ ಜಿಲ್ಲಾ ಸಮಿತಿ ಈ ವಿಷಯದಲ್ಲಿ ಒಂದು ಬಿನ್ನವತ್ತಳೆ ಸಿದ್ಧಪಡಿಸಿದೆ. ಮಂಜೂರಾದ ಬೋಧಕ ಹುದ್ದೆಗಳನ್ನು ಒಂದು ವರ್ಷದೊಳಗೆ ತುಂಬಬೇಕು. ಡಾಕ್ಟರೇಟ್ ನಂತರದ ಯಾವ ನೇಮಕವೂ ಮೂರು ವರ್ಷಕ್ಕೆ ಕಡಿಮೆ ಇರಬಾರದು; ಅದನ್ನು ಉದ್ಯೋಗವೆಂದು ಒಪ್ಪಿ ಭವಿಷ್ಯನಿಧಿ, ತುಟ್ಟಿಭತ್ಯೆ, ಹೆರಿಗೆ ರಜೆ, ಸಂಘ ಕಟ್ಟುವ ಹಕ್ಕು ಕೊಡಬೇಕು. ಅನುದಾನ ತಡವಾದರೂ ಸಂಬಳ ತಿಂಗಳ ಮೊದಲ ವಾರದಲ್ಲಿ ವಿಶ್ವವಿದ್ಯಾನಿಲಯದ ನಿಧಿಯಿಂದ ಸಲ್ಲಬೇಕು. ಪ್ರಕಟಣೆಯೂ ಷರತ್ತುಗಳೂ ಕನ್ನಡದಲ್ಲಿರಬೇಕು. ಸಂದರ್ಶನಕ್ಕೆ ಬರುವ ಉದ್ಯೋಗವಿಲ್ಲದವರಿಗೆ ದಾರಿ ಖರ್ಚು ಕೊಡಬೇಕು. ಇದನ್ನು ಉನ್ನತ ಶಿಕ್ಷಣ ಸಚಿವರಿಗೂ ವಿಶ್ವವಿದ್ಯಾನಿಲಯಗಳ ಕುಲಪತಿಗಳಿಗೂ ಕಳಿಸಲಾಗುವುದು. ಸಹಿ ಹಾಕುವವರು ಪಾಳಿ ಮುಗಿದ ಮೇಲೆ ಅಥವಾ ಅಂಗಡಿ ಮುಚ್ಚಿದ ಮೇಲೆ ಕಛೇರಿಗೆ ಬರಬಹುದು. ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರುತ್ತದೆ. ಮೊದಲ ಸಹಿ ನಮ್ಮ ಮಿತ್ರರದು. ಎರಡನೆಯದನ್ನು ಹಾಕಲು ಮಗಳು ತಾನೇ ಬಂದಿದ್ದಳು. ಸಂದರ್ಶನಕ್ಕೆ ಹೋಗುವುದೆಂದೂ ತೀರ್ಮಾನಿಸಿದ್ದಾಳೆ.